ನಳದ ನೀರಿನ ಕ್ಲೋರಿನ್‌ನಿಂದ ಕ್ಯಾನ್ಸರ್ ಬರ್ತದೇನ್ರಿ? ನಮ್ಮವ್ವ ಬೋರಿನ ನೀರು ಹಿಡದಾಳ

ಎರಿಹೊಲ · ಭಾನುವಾರ ಮುಂಜಾನೆ 7:40
ಎಲ್ಲಾರಿಗೂ ನಮಸ್ಕಾರ. ನಾವು ವಿಜಯಪುರ ಜಿಲ್ಲಾದಾಗ ಒಂದು ಸಣ್ಣ ಊರಾಗ ಇರ್ತೀವಿ, ಊರ ಹೆಸರು ಬ್ಯಾಡ. ನಳಕ್ಕ ಕೃಷ್ಣಾ ನೀರು ಬರ್ತದ, ನಾಲ್ಕು ದಿನಕ್ಕೊಮ್ಮೆ. ಹೊಳಿಗೆ ಹೊಸ ನೀರು ಬಂದಾಗಿಂದ ನಳ ತಿರುವಿದ ಕೂಡ್ಲೆ ಬ್ಲೀಚಿಂಗ್ ಪೌಡರಿನ ವಾಸನಿ ಮೂಗಿಗೆ ಹೊಡೀತದ. ಹೋದ ವಾರ ಅವ್ವನ ಮೊಬೈಲಿಗೆ ಒಂದು ವಾಟ್ಸಾಪ್ ಮೆಸೇಜ್ ಬಂತು. ಕ್ಲೋರಿನ್ ಹಾಕಿದ ನೀರಿನಾಗ ಕ್ಲೋರೋಫಾರ್ಮ್ ಹುಟ್ತದ, ಅದರಿಂದ ಮೂತ್ರಕೋಶದ ಕ್ಯಾನ್ಸರ್ ಆಗ್ತದ ಅಂತ. ಅವತ್ತಿಂದ ಅಕಿ ನಳದ ನೀರು ಬಾಯಾಗ ಹಾಕವಲ್ಲಳು. ಊರ ಹೊರಗಿನ ಹೊಲದ ಬೋರಿನಿಂದ ದಿನಾ ಎರಡು ಕೊಡ ತರಸ್ತಾಳ.

ಅಕಿ ಅಂಜೂದಕ್ಕ ಕಾರಣ ಅದ. ನಮ್ಮಪ್ಪ ಆರು ವರ್ಷದ ಹಿಂದ ಅದೇ ಕ್ಯಾನ್ಸರ್‌ನಾಗ ತೀರಿಕೊಂಡ್ರು. "ನಿಮ್ಮಪ್ಪಗ ನಾನ ಕೈಯಾರೆ ಆ ನೀರು ಕುಡಿಸೇನಿ" ಅಂತ ಮೊನ್ನೆ ಅತ್ತಳು. ನನಗ ಏನು ಹೇಳಬೇಕು ತಿಳೀಲಿಲ್ಲ. ತಿಳಿದವರು ಯಾರರ ಇದ್ರ ಖರೇ ಏನು ಅಂತ ಹೇಳ್ರಿ.

ತೊರವಿ_ತಮ್ಮ · 7:58
ಮೆಸೇಜ್ ಖರೇನ ಅದ ಅಣ್ಣಾ. ಕ್ಲೋರಿನ್ ಅಂದ್ರ ವಿಷ. ಮೊದಲ್ನೇ ಮಹಾಯುದ್ಧದಾಗ ಸೈನಿಕರ ಮ್ಯಾಲೆ ಬಿಟ್ಟ ಗ್ಯಾಸ್ ಅದು. ನಾವು ಮನ್ಯಾಗ ಆರ್‌ಒ ಹಾಕಿಸೀವಿ, ನೀವೂ ಹಾಕಸ್ರಿ, ಮುಗೀತು.

ಗೋಕಾಕ_ಕರದಂಟು · 8:06
ಆ ಗ್ಯಾಸೂ ನೀರಿಗೆ ಹಾಕೋ ಪ್ರಮಾಣವೂ ಒಂದ ಏನ್ ತಮ್ಮಾ? ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಅಂದ್ರ ಎಷ್ಟು ಅಂತ ಸ್ವಲ್ಪ ವಿಚಾರ ಮಾಡು.

ರಸಾಯನ_ಮಾಸ್ತರ · 8:31
ಎರಿಹೊಲ ಅವರೇ, ನಿಮ್ಮ ತಂದೆಯವರ ವಿಷಯ ಓದಿ ಬೇಸರವಾಯಿತು. ಮೆಸೇಜಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದು ಇಷ್ಟು ಹೆದರಿಸುತ್ತದೆ.

ಹೊಳೆ ನೀರಿನಲ್ಲಿ ಎಲೆ, ಹುಲ್ಲು, ಪಾಚಿ, ಕಬ್ಬಿನ ರವದಿ ಕೊಳೆತು ಬಿಟ್ಟ ರಸ ಇರುತ್ತದೆ. ಚಹಾದ ಬಣ್ಣ ಇಳಿದ ಹಾಗೆ. ಹ್ಯೂಮಿಕ್ ಆಮ್ಲ ಅಂತಾರೆ. ಕ್ಲೋರಿನ್ ರೋಗಾಣು ಕೊಲ್ಲುವುದರ ಜೊತೆಗೆ ಈ ರಸದ ಮೇಲೂ ಬೀಳುತ್ತದೆ. ಆಗ ಹುಟ್ಟುವ ನಾಲ್ಕು ವಸ್ತುಗಳ ಗುಂಪಿಗೆ ಟ್ರೈಹ್ಯಾಲೋಮೀಥೇನ್ ಅಂತ ಹೆಸರು. ಅದರಲ್ಲಿ ಕ್ಲೋರೋಫಾರ್ಮ್ ಒಂದು. ಇನ್ನೊಂದು ಗುಂಪು ಹ್ಯಾಲೋಅಸಿಟಿಕ್ ಆಮ್ಲಗಳು. ಅಂದರೆ ತಕರಾರು ಇರುವುದು ಕ್ಲೋರಿನ್ನಿನದಲ್ಲ, ಕ್ಲೋರಿನ್ ಮತ್ತು ಆ ಕೊಳೆತ ರಸ ಎರಡೂ ಕೂಡಿದ್ದರದು.

ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕ್ಲೋರೋಫಾರ್ಮ್ ಕೊಟ್ಟಾಗ ಗಡ್ಡೆ ಬಂದದ್ದು 1976ರಲ್ಲಿ ಅಮೆರಿಕದ ಪರೀಕ್ಷೆಯಲ್ಲಿ ಕಂಡಿತು. ಹಾಗಾಗಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಕ್ಲೋರೋಫಾರ್ಮನ್ನು 2ಬಿ ಗುಂಪಿಗೆ ಹಾಕಿದೆ. "ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದದ್ದು" ಅಂತ ಅದರ ಅರ್ಥ, ತಂದೇ ತರುತ್ತದೆ ಅಂತಲ್ಲ. ಕ್ಲೋರಿನ್ ಹಾಕಿದ ಕುಡಿಯುವ ನೀರನ್ನು ಅದೇ ಸಂಸ್ಥೆ 3ನೇ ಗುಂಪಿನಲ್ಲಿ ಇಟ್ಟಿದೆ, ಅಂದರೆ ತೀರ್ಮಾನಕ್ಕೆ ಪುರಾವೆ ಸಾಲದು.

ನವನಗರ_ಸೆಕ್ಟರ್ · 8:50
ಮಾಸ್ತರ, ಮೂತ್ರಕೋಶದ ಕ್ಯಾನ್ಸರ್ ವಿಷಯ ಪೂರ್ತಿ ಹೇಳ್ರಲ್ಲ. ಹತ್ತಾರು ವರ್ಷ ಇಂಥ ನೀರು ಕುಡಿದ ಮಂದಿಯೊಳಗ ಅದು ಸ್ವಲ್ಪ ಹೆಚ್ಚು ಕಂಡದ್ದು ಅಮೆರಿಕಾ, ಯುರೋಪಿನ ಎಷ್ಟೋ ಅಧ್ಯಯನದಾಗ ಬಂದೈತಿ. ಅದನ್ನ ಮುಚ್ಚಿಡೂದು ಬ್ಯಾಡ.

ರಸಾಯನ_ಮಾಸ್ತರ · 8:57
ಮುಚ್ಚಿಡುವ ಉದ್ದೇಶ ಇರಲಿಲ್ಲ, ನೀವು ಹೇಳಿದ್ದು ಸರಿ. ಸಂಬಂಧ ಕಂಡಿದೆ. ದಶಕಗಟ್ಟಲೆ, ಹೆಚ್ಚಿನ ಮಟ್ಟದಲ್ಲಿ ಕುಡಿದವರಲ್ಲಿ ಕಂಡಿದೆ. ಕಾರಣ ಅದೇ ಅಂತ ಇನ್ನೂ ಖಚಿತವಾಗಿಲ್ಲ.

ಪಿಎಚ್‌ಸಿ_ಸಿಸ್ಟರ್ · 9:15
ಎರಿಹೊಲ ತಮ್ಮಾ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ಅಪ್ಪಾರು ಬೀಡಿ ಸೇದತಿದ್ರೇನು?

ಎರಿಹೊಲ · 9:22
ಹೌದ್ರಿ ಅಕ್ಕಾರ. ದಿನಾ ಒಂದು ಕಟ್ಟು. ಮೂವತ್ತು ವರ್ಷದ ಮ್ಯಾಲೆ. ಕಡೀ ಎರಡು ವರ್ಷ ಅಷ್ಟ ಬಿಟ್ಟಿದ್ರು.

ಪಿಎಚ್‌ಸಿ_ಸಿಸ್ಟರ್ · 9:34
ಹಂಗಿದ್ರ ಇದನ್ನ ಅವ್ವಗ ಹತ್ರ ಕುಂತು ಹೇಳು. ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಾಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗಿ. ಹೊಗ್ಯಾಗಿನ ವಿಷ ರಕ್ತಕ್ಕ ಸೇರಿ ಮೂತ್ರದಾಗ ಇಳೀತದ, ಮೂತ್ರಕೋಶದಾಗ ತಾಸಗಟ್ಟಲೆ ನಿಂದರ್ತದ. ಅದಕ್ಕ ಆ ಜಾಗಾದಾಗ ಗಡ್ಡಿ. ನಳದ ನೀರು ಕುಡಿಸಿ ಅವ್ವ ಯಾವ ತಪ್ಪೂ ಮಾಡಿಲ್ಲ. ಅಕಿ ಮನಸ್ಸಿನಿಂದ ಆ ಭಾರ ಮೊದಲು ಇಳಿಸು, ಕ್ಲೋರಿನ್ ಮಾತು ಆಮ್ಯಾಲೆ.

ಇಂಡಿ_ನಿಂಬಿ · 9:41
ಅಕ್ಕಾರ ಮಾತಿಗೆ ನನ್ನದೂ ದನಿ ಅದ.

ಎರಿಹೊಲ · 9:55
ಹೇಳ್ತೀನ್ರಿ ಅಕ್ಕಾರ. ಭಾಳ ಉಪಕಾರ ಆತು.

ತೊರವಿ_ತಮ್ಮ · 10:10
ಬೀಡಿ ಸರಿ. ಆದ್ರೂ ಕ್ಲೋರಿನ್ ಯಾಕ ಬೇಕು? ಬಂದ್ ಮಾಡಿದ್ರ ಎರಡೂ ತಂಟೆ ಇರೂದಿಲ್ಲ. ವಿಜಯಪುರದ ಬೇಗಂ ತಲಾಬ್ ಕೆರಿ ನೀರು ಮಣ್ಣಿನ ಪೈಪಿನಾಗ ಊರೆಲ್ಲ ಹರೀತಿತ್ತು. ಆದಿಲ್‌ಶಾಹಿ ಕಾಲದಾಗ ಯಾರು ಕ್ಲೋರಿನ್ ಹಾಕ್ತಿದ್ರು?

ಗೋಕಾಕ_ಕರದಂಟು · 10:18
ಆ ಕಾಲದಾಗ ಕಾಲರಾ ಬಂದ್ರ ಓಣಿಗೆ ಓಣೀನ ಖಾಲಿ ಆಗತಿತ್ತು. ಅದನ್ನ ಯಾಕ ಹೇಳಂಗಿಲ್ಲ? ಕ್ಲೋರಿನ್ ನಿಲ್ಲಿಸಿದ್ರ ಏನಾಗ್ತೈತಿ ಅಂತ ನೋಡಬೇಕಂದ್ರ 1991ರ ಪೆರು ದೇಶ ನೋಡು. ಕ್ಯಾನ್ಸರ್ ಅಂಜಿಕಿಗೆ ಕ್ಲೋರಿನ್ ಬಿಟ್ರು, ಕಾಲರಾ ಬಂತು. ಒಂದ ವರ್ಷದಾಗ ಮೂರು ಲಕ್ಷ ಮಂದಿಗೆ ಹತ್ತಿತು.

ರಸಾಯನ_ಮಾಸ್ತರ · 10:36
ಕರದಂಟು ಅವರೇ, ಕಾಲರಾ ಬಂದದ್ದು, ಮೂರು ಲಕ್ಷ ದಾಟಿದ್ದು ನಿಜ. ಆದರೆ "ಕ್ಯಾನ್ಸರ್ ಹೆದರಿಕೆಗೆ ಕ್ಲೋರಿನ್ ನಿಲ್ಲಿಸಿದರು" ಎಂಬ ಕಥೆಯನ್ನು ಆಮೇಲೆ ಅಲ್ಲಿ ಹೋಗಿ ವಿಚಾರಿಸಿದವರು ಒಪ್ಪಿಲ್ಲ. ಅಲ್ಲಿಯ ಎಷ್ಟೋ ಊರುಗಳಲ್ಲಿ ಮೊದಲೇ ನೀರಿಗೆ ಸರಿಯಾಗಿ ಕ್ಲೋರಿನ್ ಬೀಳುತ್ತಿರಲಿಲ್ಲ, ಪೈಪು ಹಾಳಾಗಿದ್ದವು. ನಮ್ಮ ಕಡೆಯ ವಾದ ಗೆಲ್ಲಿಸಲಿಕ್ಕೆ ಅರ್ಧ ಕಥೆ ಹೇಳಿದರೆ ಆ ವಾಟ್ಸಾಪ್ ಮೆಸೇಜಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಗೋಕಾಕ_ಕರದಂಟು · 10:40
ಸರಿ ಮಾಸ್ತರ, ತಿದ್ದಿಕೊಂಡೆ. ಕ್ಲೋರಿನ್ ಇಲ್ಲದ ನೀರಿನಿಂದ ಕಾಲರಾ ಹಬ್ಬಿತು ಅನ್ನೂದು ಅಷ್ಟ ಇಟ್ಕೊಳ್ರಿ.

ಪಿಎಚ್‌ಸಿ_ಸಿಸ್ಟರ್ · 10:52
ಪೆರುತನಕ ಯಾಕ ಹೋಗ್ತೀರಿ, 2023ರ ಆಗಸ್ಟ್‌ನಾಗ ಚಿತ್ರದುರ್ಗದ ಕವಾಡಿಗರಹಟ್ಟಿಯೊಳಗ ಹೊಲಸು ನೀರು ಕುಡಿದು ಮಂದಿ ಸತ್ರು. ವಾಂತಿ ಭೇದಿ ಒಂದು ರಾತ್ರಿಯೊಳಗ ಜೀವ ತಗೀತದ. ನಾನು ಸಲಾಯಿನ್ ಹಚ್ಚಿ ಹಚ್ಚಿ ನೋಡೇನಿ, ನಾಲ್ಕು ವರ್ಷದ ಕೂಸಿನ ಕಣ್ಣು ಗುಳಿ ಬಿದ್ದಿರ್ತದ, ನರ ಸಿಗೂದಿಲ್ಲ. ಕ್ಲೋರಿನ್ ಬ್ಯಾಡ ಅನ್ನವರು ಒಮ್ಮೆ ಮಳಿಗಾಲದಾಗ ವಾರ್ಡಿಗೆ ಬಂದು ನಿಂದರ್ರಿ.

ಫಿಲ್ಟರ್‌ಹೌಸ್_ಕಾಕಾ · 11:47
ಈ ಚರ್ಚಾ ಮಗ ತೋರಿಸಿದ, ಅದಕ್ಕ ಬರಿಯಾಕ ಕುಂತೇನಿ. ನೀರು ಶುದ್ಧೀಕರಣ ಘಟಕದಾಗ 34 ವರ್ಷ ಆಪರೇಟರ್ ಆಗಿ ದುಡದು ರಿಟೈರ್ ಆಗೇನಿ. ಯಾವ ಊರು ಅಂತ ಕೇಳಬ್ಯಾಡ್ರಿ.

ಹೊಳ್ಯಾಗ ಜಾಕ್‌ವೆಲ್, ಅಂದ್ರ ನೀರೆತ್ತೂ ಬಾವಿ, ಅಲ್ಲಿಂದ ಕಚ್ಚಾ ನೀರು ಮ್ಯಾಲೆ ಬರ್ತದ. ಆಲಂ, ಅಂದ್ರ ಪಟಿಕ, ಹಾಕಿ ಕಲಿಸ್ತೀವಿ, ರಾಡಿ ಗಂಟು ಕಟ್ಟಿ ತಳಕ್ಕ ಕೂಡ್ತದ. ಆಮ್ಯಾಲೆ ಉಸುಕಿನ ಫಿಲ್ಟರ್. ಕಡೀಕ ಕ್ಲೋರಿನ್. ಪುಸ್ತಕದಾಗಿನ ಕ್ರಮ ಇದು. ಆದ್ರ ಬ್ಯಾಸಗ್ಯಾಗ ಹಿನ್ನೀರು ಹಸಿರುಗಟ್ಟಿದಾಗ ಫಿಲ್ಟರಿನ ಮ್ಯಾಲೆ ಪಾಚಿ ಕಟ್ತದ ಅಂತ ಕಚ್ಚಾ ನೀರಿಗೇ ಕ್ಲೋರಿನ್ ಹೊಡೀತಿದ್ವಿ. ಮಾಸ್ತರು ಹೇಳಿದ ಆ ಕೊಳೆತ ರಸ ಇನ್ನೂ ನೀರಿನಾಗ ತುಂಬಿರ್ತದ, ಅದರ ಮ್ಯಾಲೇ ಕ್ಲೋರಿನ್ ಬೀಳ್ತದ. ಅವಾಗ ನಮಗ ಇದು ಯಾರೂ ಹೇಳಿರಲಿಲ್ಲ. ರಿಟೈರ್ ಆಗೂ ಮುಂದ ಒಂದು ತರಬೇತಿಯೊಳಗ ಕೇಳಿದಾಗ ಅವತ್ತು ರಾತ್ರಿ ನಿದ್ದಿ ಹತ್ತಲಿಲ್ಲ.

ಇದಕ್ಕ ದಾರಿ ಕ್ಲೋರಿನ್ ಬಿಡೂದಲ್ಲ. ಮೊದಲು ರಸ ತಗೀಬೇಕು, ಆಮ್ಯಾಲೆ ಕ್ಲೋರಿನ್ ಹಾಕಬೇಕು. ನೀರು ಬದಲಾದಂಗ ಜಾರ್ ಟೆಸ್ಟ್, ಅಂದ್ರ ಬ್ಯಾರೆ ಬ್ಯಾರೆ ಜಾರಿನಾಗ ಬ್ಯಾರೆ ಬ್ಯಾರೆ ಅಳತಿ ಆಲಂ ಹಾಕಿ ನೋಡೂದು, ಮಾಡಿ ಆಲಂ ಅಳತಿ ಬದಲಿಸಬೇಕು. ನಿನ್ನಿನ ಅಳತಿ ಇವತ್ತಿನ ನೀರಿಗೆ ಕೂಡೂದಿಲ್ಲ, ಹೊಸ ನೀರು ಬಂದ ವಾರದಾಗಂತೂ ತಾಸು ತಾಸಿಗೆ ಬಣ್ಣ ಬದಲಾಗ್ತದ. ಆಲಂ ಸರಿ ಬಿದ್ರ ರಾಡಿ ಜೋಡಿ ಆ ರಸದಾಗೂ ಒಂದು ಪಾಲು ತಳಕ್ಕ ಹೋಗ್ತದ. ಫಿಲ್ಟರ್ ಆದ ಮ್ಯಾಲೆ ಕ್ಲೋರಿನ್ ಕಡಿಮಿ ಸಾಕಾಗ್ತದ, ಈ ಹೊಸ ವಿಷಾನೂ ಕಡಿಮಿ ಹುಟ್ತದ.

ಇನ್ನ ನಿಮ್ಮ ನಳದ ವಾಸನಿ. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ರ ಉಳಿದ ಮೂರು ದಿನ ಪೈಪು ಖಾಲಿ. ಖಾಲಿ ಪೈಪು ಬಾಜೂ ಗಟಾರದ ನೀರು ಎಳಕೋತದ. ಅದಕ್ಕ ಅಂಜಿ ಆಪರೇಟರ್ ಕ್ಲೋರಿನ್ ಏರಿಸ್ತಾನ. ಕಡೀ ಮನೀ ನಳದಾಗೂ ಲೀಟರಿಗೆ 0.2 ಮಿಲಿಗ್ರಾಂ ಉಳೀಬೇಕು ಅಂತ ನಿಯಮ. ಟ್ಯಾಂಕಿನ ಬಾಜೂ ಮನಿಗೆ ವಾಸನಿ ಹೊಡೀತದ, ಕಡೀ ಓಣಿಗೆ ಏನೂ ಉಳಿದಿರೂದಿಲ್ಲ. ದಿನಾ ನೀರು, ಪೈಪಿನಾಗ ಸದಾ ಒತ್ತಡ, ಇಷ್ಟಿದ್ರ ಇಷ್ಟು ಕ್ಲೋರಿನ್ ಬೇಕಾಗೂದೇ ಇಲ್ಲ.

ಇಂಡಿ_ನಿಂಬಿ · 12:05
ಕಾಕಾರ, ಹಂಗಾದ್ರ ವಾಸನಿ ಹೆಚ್ಚಿದ್ದಲ್ಲಿ ಆ ಕ್ಲೋರೋಫಾರ್ಮೂ ಹೆಚ್ಚೇನ್ರಿ?

ಫಿಲ್ಟರ್‌ಹೌಸ್_ಕಾಕಾ · 12:14
ಉಲ್ಟಾ ಆಗೂದ ಹೆಚ್ಚು ತಂಗೆವ್ವಾ. ಕ್ಲೋರಿನ್ ರಸದ ಜೋಡಿ ಎಷ್ಟು ಹೊತ್ತು ಇರ್ತದೋ ಅಷ್ಟು ಕ್ಲೋರೋಫಾರ್ಮ್ ಬೆಳೀತದ. ಕಡೀ ಓಣಿಗೆ ನೀರು ಮುಟ್ಟೂದರಾಗ ಕ್ಲೋರಿನ್ ಇಳಿದಿರ್ತದ, ಕ್ಲೋರೋಫಾರ್ಮ್ ಏರಿರ್ತದ. ಬಿಸಲಿಗೆ ನೀರು ಕಾದ್ರ ಇನ್ನೂ ಲಗೂನ. ಮೂಗಿನಿಂದ ಅಳೀಲಿಕ್ಕೆ ಬರೂದಿಲ್ಲ. ಗಟಾರದ ಅಮೋನಿಯಾ ಕೂಡಿದ್ರೂ ಅದೇ ಘಾಟು ಬರ್ತದ.

ನವನಗರ_ಸೆಕ್ಟರ್ · 12:30
ನನ್ನ ಸಿಟ್ಟು ಇರೂದು ಇಲ್ಲೇ. ಅಳತಿ ಮಾಡೂದು ಯಾರು? ಕುಡಿಯೂ ನೀರಿನ ನಮ್ಮ ದೇಶದ ಮಾನದಂಡ ಐಎಸ್ 10500 ಪ್ರಕಾರ ಕ್ಲೋರೋಫಾರ್ಮ್ ಒಂದಕ್ಕ ಲೀಟರಿಗೆ 0.2 ಮಿಲಿಗ್ರಾಂ, ಅಂದ್ರ 200 ಮೈಕ್ರೋಗ್ರಾಂ ತನಕ ನಡೀತೈತಿ. ಅಮೆರಿಕಾದಾಗ ನಾಲ್ಕೂ ಕೂಡಿ 80, ಯುರೋಪಿನಾಗ ನಾಲ್ಕೂ ಕೂಡಿ 100. ಅವರ ಜೀವಕ್ಕ ಒಂದು ಬೆಲಿ, ನಮ್ಮ ಜೀವಕ್ಕ ಇನ್ನೊಂದು ಬೆಲೀ ಏನು?

ರಸಾಯನ_ಮಾಸ್ತರ · 12:48
ವಿಶ್ವ ಆರೋಗ್ಯ ಸಂಸ್ಥೆ ಕ್ಲೋರೋಫಾರ್ಮಿಗೆ 300 ಅಂತ ಇಟ್ಟಿದೆ, ನಮ್ಮದು ಅದಕ್ಕಿಂತ ಬಿಗಿ. ದಿನಾ 2 ಲೀಟರ್‌ನಂತೆ ಇಡೀ ಜೀವಮಾನ ಕುಡಿದರೂ ತೊಂದರೆ ಆಗಬಾರದು ಅನ್ನುವ ಲೆಕ್ಕ ಅದು. ಆ ನಾಲ್ಕರಲ್ಲಿ ಇನ್ನೊಂದಾದ ಬ್ರೋಮೋಡೈಕ್ಲೋರೋಮೀಥೇನಿಗೆ ಇಬ್ಬರದೂ 60. ಅಮೆರಿಕದ 80 ಅಲ್ಲಿಯ ಘಟಕಗಳಿಗೆ ಸಾಧ್ಯವಾಗುವುದನ್ನೂ ನೋಡಿ ಇಟ್ಟ ಮಟ್ಟ. 1979ರಲ್ಲಿ ಅವರದೂ 100 ಇತ್ತು, 1998ರಲ್ಲಿ ಇಳಿಸಿದರು.

ಆದರೆ ಅಳೆಯುವವರು ಯಾರು ಅನ್ನುವ ಪ್ರಶ್ನೆಗೆ ನನ್ನ ಪೂರ್ತಿ ಬೆಂಬಲ. ಅಂಕಿ ಕಾಗದದ ಮೇಲೆ ಎಷ್ಟು ಬಿಗಿ ಇದ್ದರೇನು, ನೀರು ತೆಗೆದು ಪರೀಕ್ಷೆ ಮಾಡದಿದ್ದರೆ ಆ ಅಂಕಿ ನಮ್ಮನ್ನು ಕಾಯುವುದಿಲ್ಲ. ಇದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಲ್ಯಾಬಿನ ಯಂತ್ರ ಬೇಕು, ಕ್ಲೋರಿನ್ ಅಳೆಯಲು ಓಟಿ ದ್ರಾವಣದ ಹನಿ ಹಾಕಿ ಹಳದಿ ಬಣ್ಣ ನೋಡಿದ ಹಾಗಲ್ಲ. ಗಾಜಿನ ಬಾಟಲಿಯಲ್ಲಿ ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ತುಂಬಬೇಕು, ಕ್ಲೋರಿನ್ ಕೆಲಸ ನಿಲ್ಲಿಸಲು ಮೊದಲೇ ಥಯೋಸಲ್ಫೇಟ್ ಹಾಕಿರಬೇಕು, ತಂಪಾಗಿ ಒಯ್ಯಬೇಕು. ಬಿಸ್ಲೇರಿ ಬಾಟಲಿಯಲ್ಲಿ ತುಂಬಿ ಬಸ್ಸಿನಲ್ಲಿ ಕಳಿಸಿದ ನೀರಿನ ವರದಿಗೆ ಬೆಲೆ ಇಲ್ಲ.

ತಾಮ್ರದಕೊಡ · 1:10
ನಾವು ರಾತ್ರಿ ತಾಮ್ರದ ಕೊಡದಾಗ ನೀರು ತುಂಬಿಟ್ಟು ಮುಂಜಾನೆ ಕುಡೀತೀವಿ. ಹಿರ್ಯಾರು ಹಾಕಿಕೊಟ್ಟ ಪದ್ಧತಿ. ನಮ್ಮ ಅಮ್ಮ ನುಗ್ಗಿ ಬೀಜಾ ಅರದು ಹೊಳಿ ನೀರಿಗೆ ಹಾಕ್ತಿದ್ಲು, ರಾಡಿ ಎಲ್ಲಾ ಕೂಡತಿತ್ತು.

ರಸಾಯನ_ಮಾಸ್ತರ · 1:22
ಎರಡೂ ಒಳ್ಳೆಯ ಪದ್ಧತಿ. ತಾಮ್ರದಲ್ಲಿ ರಾತ್ರಿಯಿಡೀ ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಕ್ಲೋರೋಫಾರ್ಮ್ ಹೋಗುವುದಿಲ್ಲ. ನುಗ್ಗೆ ಬೀಜ ರಾಡಿ ಕೂಡಿಸುವುದು ನಿಜ. ಆದರೆ ಅರೆದ ಬೀಜದ ಅಂಶ ನೀರಿನಲ್ಲಿ ಉಳಿದು ಕ್ಲೋರಿನ್ನಿಗೆ ಇನ್ನಷ್ಟು ಆಹಾರ ಆಗುತ್ತದೆ. ನುಗ್ಗೆ ಹಾಕಿದ ನೀರನ್ನು ಕುದಿಸುವುದು ಒಳ್ಳೆಯದು.

ಬೈಲಹೊಂಗಲದ_ಮಗಳು · 2:05
ನಾನು ಐದು ತಿಂಗಳ ಬಸುರಿ. ಇದನ್ನೆಲ್ಲಾ ಓದಿ ಎದಿ ಡವಡವ ಅನ್ನಾಕ ಹತ್ತೈತಿ. ಗರ್ಭಪಾತ ಆಗತೈತಿ ಅಂತ ಎಲ್ಲೋ ಓದಿದ ನೆನಪು. ನಾ ಏನು ಕುಡೀಲಿ?

ಪಿಎಚ್‌ಸಿ_ಸಿಸ್ಟರ್ · 2:19
ಅಂಜಬ್ಯಾಡವ್ವಾ. ನೀ ಓದಿದ್ದು 1998ರ ಕ್ಯಾಲಿಫೋರ್ನಿಯಾದ ಅಧ್ಯಯನ ಇರಬೇಕು, ಹಂಗ ಒಂದು ಸಂಬಂಧ ಕಂಡಿತ್ತು. ಅದನ್ನ ಪರೀಕ್ಷಾ ಮಾಡಾಕ ಆಮ್ಯಾಲೆ ಮಾಡಿದ ಇನ್ನೊಂದು ದೊಡ್ಡ ಅಧ್ಯಯನದಾಗ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಆದ್ರ ಕ್ಲೋರಿನ್ ಇಲ್ಲದ ಹೊಲಸು ನೀರಿನಿಂದ ಬರೂ ಹೆಪಟೈಟಿಸ್ ಇ ಕಾಮಾಲಿ ಬಸುರಿ ಹೆಣ್ಣುಮಕ್ಕಳ ಜೀವಕ್ಕೇ ಅಪಾಯ. ಕಡೀ ಮೂರು ತಿಂಗಳದಾಗ ಬಂದ್ರ ನೂರರಾಗ ಇಪ್ಪತ್ತು ಮಂದಿ ತನಕ ಉಳೀದ ಇರಬಹುದು. ಕ್ಲೋರಿನ್ ಹಾಕಿದ ನೀರನ್ನ ಮುಚ್ಚಳ ತೆರದು ಕುದಿಸಿ ಆರಿಸಿ ಕುಡಿ. ಎರಡೂ ಅಂಜಿಕಿ ಕಡಿಮಿ ಆಗ್ತಾವ.

ಬೈಲಹೊಂಗಲದ_ಮಗಳು · 2:24
ಕುದಿಸಿದ್ರ ಅದು ಹೋಗತೈತೇನ್ರಿ?

ರಸಾಯನ_ಮಾಸ್ತರ · 2:33
ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುತ್ತದೆ ತಂಗಿ. ನೀರು ಕುದಿಯುವಷ್ಟರಲ್ಲಿ ಬಹುಪಾಲು ಹಾರಿಹೋಗಿರುತ್ತದೆ. ಅದಕ್ಕೇ ಮುಚ್ಚಳ ತೆರೆಯಬೇಕು, ಕಿಟಕಿಯನ್ನೂ. ಹ್ಯಾಲೋಅಸಿಟಿಕ್ ಆಮ್ಲಗಳು ಹೀಗೆ ಹಾರುವುದಿಲ್ಲ, ಹಾಗಾಗಿ ಕುದಿಸುವುದು ಪೂರ್ತಿ ಪರಿಹಾರ ಅಲ್ಲ. ಇನ್ನೊಂದು ಮಾತು. ಬಚ್ಚಲ ಬಾಗಿಲು ಕಿಟಕಿ ಎಲ್ಲ ಹಾಕಿಕೊಂಡು ಗೀಜರಿನ ಬಿಸಿ ನೀರಿನಲ್ಲಿ ಬಹಳ ಹೊತ್ತು ಸ್ನಾನ ಮಾಡಿದರೆ ಉಸಿರು ಮತ್ತು ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ, ಕುಡಿದದ್ದಕ್ಕೆ ಸರಿಸಮ ಆಗಬಹುದು. ಬೆಳಕಿಂಡಿ ತೆರೆದಿಡಿ.

ತೊರವಿ_ತಮ್ಮ · 2:50
ಆರ್‌ಒ ಬಗ್ಗೆ ಯಾರೂ ಹೇಳಲಿಲ್ಲ.

ಫಿಲ್ಟರ್‌ಹೌಸ್_ಕಾಕಾ · 3:08
ಕೇಳು ತಮ್ಮಾ. ನಿನ್ನ ಮಷೀನಿನಾಗ ಕ್ಲೋರೋಫಾರ್ಮ್ ಹಿಡಿಯೂ ಕೆಲಸ ಮುಖ್ಯ ಮಾಡೂದು ಇದ್ದಿಲಿನ ಫಿಲ್ಟರ್, ಆಕ್ಟಿವೇಟೆಡ್ ಕಾರ್ಬನ್. ಅದು ತುಂಬಿದ ಮ್ಯಾಲೆ ಬದಲಿಸದಿದ್ರ ಏನೂ ಹಿಡಿಯೂದಿಲ್ಲ. ನೀ ಕಡೀಕ ಯಾವಾಗ ಬದಲಿಸಿದಿ?

ತೊರವಿ_ತಮ್ಮ · 3:15
ಎರಡು ವರ್ಷ ಆಗಿರಬೇಕ್ರಿ ಕಾಕಾ.

ಫಿಲ್ಟರ್‌ಹೌಸ್_ಕಾಕಾ · 3:21
ನಾಳೆನ ಬದಲಿಸು. ಮತ್ತ ಇದ್ದಿಲು ಕ್ಲೋರಿನ್ನೂ ತಗದ ಮ್ಯಾಲೆ ಆ ನೀರಿಗೆ ಕಾವಲು ಇರೂದಿಲ್ಲ. ಕ್ಯಾನಿನಾಗ ವಾರಗಟ್ಟಲೆ ಇಡಬ್ಯಾಡ. ಓಣ್ಯಾಗಿನ ಕಾಯಿನ್ ಹಾಕೂ ಘಟಕದ ನೀರಿಗೂ ಇದ ಮಾತು. ನೀರು ಚಲೋ ಇದ್ರೂ ಕ್ಯಾನ್ ತೊಳೀದಿದ್ರ ಏನು ಬಂತು?

ಇಂಡಿ_ನಿಂಬಿ · 3:40
ಎರಿಹೊಲ ಅಣ್ಣಾರ, ಅವ್ವ ತರಸೂ ಬೋರಿನ ನೀರು ಪರೀಕ್ಷಾ ಆಗ್ಯದೇನು? ನಮ್ಮ ಕಡೆ ಬೋರಿನಾಗ ಫ್ಲೋರೈಡ್ ಭಾಳ. 1.5 ಮಿಲಿಗ್ರಾಂ ದಾಟಿದ್ರ ಹುಡುಗರ ಹಲ್ಲಿಗೆ ಕಂದು ಕಲಿ, ವಯಸ್ಸಾದವರಿಗೆ ಮೊಣಕಾಲು ಸೊಂಟ ಬಿಗೀತಾವ. ನಮ್ಮ ಸ್ವಾದರಮಾವಗ ಆಗ್ಯದ. ಅದು ಕುದಿಸಿದ್ರ ಹೋಗೂದಿಲ್ಲ, ಇನ್ನಷ್ಟು ಗಟ್ಟಿ ಆಗ್ತದ.

ಪಿಎಚ್‌ಸಿ_ಸಿಸ್ಟರ್ · 3:52
ಖರೇ. ಬೋರಿನ ಬಾಜೂ ತಿಪ್ಪಿ, ಶೌಚದ ಗುಂಡಿ ಇದ್ರ ಇನ್ನೂ ಕೆಟ್ಟ. ತಮ್ಮಾ, ನಿಮ್ಮ ಹತ್ರದ ಆರೋಗ್ಯ ಕೇಂದ್ರದಾಗ ಎಚ್‌ಟುಎಸ್ ಬಾಟಲಿ ಕೇಳು, ಸಣ್ಣದು. ಬೋರಿನ ನೀರು ಒಂದರಾಗ, ನಳದ ನೀರು ಇನ್ನೊಂದರಾಗ ತುಂಬಿ ಅವ್ವನ ಕಣ್ಣ ಮುಂದ ಇಡು. ಎರಡು ದಿನದಾಗ ಕರ್ರಗಾದ್ರ ಹೊಲಸು ಕೂಡ್ಯದ ಅಂತ ತಿಳೀಬೇಕು.

ನವನಗರ_ಸೆಕ್ಟರ್ · 4:20
ನಾ ಮಾಹಿತಿ ಹಕ್ಕಿನಾಗ ಅರ್ಜಿ ಹಾಕೂದು ನಕ್ಕಿ ಮಾಡೀನಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಾಗ ಉತ್ತರ ಕೊಡಬೇಕು. ಕಾಕಾರ, ಏನೇನು ಕೇಳಬೇಕು ಹೇಳ್ರಿ.

ಫಿಲ್ಟರ್‌ಹೌಸ್_ಕಾಕಾ · 4:45
"ನೀರು ಶುದ್ಧ ಇದೆಯೇ" ಅಂತ ಕೇಳಬ್ಯಾಡ್ರಿ, "ಇದೆ" ಅಂತ ಒಂದು ಶಬ್ದದಾಗ ಮುಗಸ್ತಾರ. ಹೋದ ಒಂದು ವರ್ಷದ ಟ್ರೈಹ್ಯಾಲೋಮೀಥೇನ್ ವರದಿಯ ಪ್ರತಿ, ನೀರು ಎಲ್ಲಿ ತಗೊಂಡ್ರು ಅನ್ನೂದರ ಜೋಡಿ ಕೇಳ್ರಿ. ಕಚ್ಚಾ ನೀರಿಗೆ ಕ್ಲೋರಿನ್ ಹಾಕ್ತಾರೋ ಇಲ್ಲೋ, ಹಾಕಿದ್ರ ಯಾವ ತಿಂಗಳು ಎಷ್ಟು. ಜಾರ್ ಟೆಸ್ಟಿನ ರಿಜಿಸ್ಟರ್. ಕಡೀ ಓಣಿಯ ಉಳಿಕೆ ಕ್ಲೋರಿನ್ನಿನ ದಿನದ ಅಂಕಿ. ಪರೀಕ್ಷಾನ ಮಾಡಿಲ್ಲ ಅಂದ್ರ ಅದನ್ನೂ ಬರದು ಕೊಡ್ರಿ ಅನ್ರಿ. ಮತ್ತ ಆಪರೇಟರ್ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಮೂರು ಪಾಳಿಗೆ ಇಬ್ಬರ ಇರ್ತಾರ, ಗ್ಯಾಸ್ ಸೋರಿದ್ರ ಮೊದಲು ಎದಿ ಸುಡೂದು ಅವಂದು.

ತೊರವಿ_ತಮ್ಮ · 5:02
ಅರ್ಜಿ ನಮೂನಿ ಇಲ್ಲಿ ಹಾಕ್ರಿ ಅಣ್ಣಾ, ನಮ್ಮ ಊರಿಂದ ನಾ ಹಾಕ್ತೀನಿ.

ನವನಗರ_ಸೆಕ್ಟರ್ · 5:06
ಸಂಜಿಗೆ ಹಾಕ್ತೀನಿ.

ಎರಿಹೊಲ · ಬುಧವಾರ ರಾತ್ರಿ 8:15
ಎಲ್ಲಾರಿಗೂ ತಿಳಸೂದು ಇತ್ತು. ಸೋಮವಾರ ಎರಡು ಬಾಟಲಿ ತಂದು ದೇವರ ಜಗಲಿ ಬಾಜೂ ಮಾಡದಾಗ ಇಟ್ಟಿದ್ದೆ. ಇವತ್ತು ಮುಂಜಾನೆ ಅವ್ವನ ನೋಡಿ ನನ್ನ ಕರದಳು. ಬೋರಿನದು ಕಾಡಿಗಿ ಹಂಗ ಕರ್ರಗಾಗ್ಯದ. ನಳದ್ದು ಇಟ್ಟಾಗ ಹೆಂಗಿತ್ತೋ ಹಂಗ ಅದ. ಭಾಳ ಹೊತ್ತು ಕೈಯಾಗ ಹಿಡಕೊಂಡು ಕುಂತಿದ್ಳು. ಬೀಡಿ ಮಾತೂ ಹೇಳಿದೆ ಸಿಸ್ಟರ್ ಅಕ್ಕಾರ. "ಡಾಕ್ಟರೂ ಅವತ್ತ ಹೇಳಿದ್ರು, ನನಗ ಕೇಳಿಸಿಕೊಳ್ಳೂ ಶಕ್ತಿ ಇದ್ದಿಲ್ಲ" ಅಂದಳು.

ಮಧ್ಯಾಹ್ನ ನಳದ ನೀರು ಕುದಿಸ್ಯಾಳ. ಸ್ಟೀಲಿನ ಪಾತ್ರ್ಯಾಗ ಇಟ್ಟ ನೀರು ಒಲ್ಲೆ ಅಂತಾಳ, ಗಡಿಗ್ಯಾಗ ಹಾಕಿದ್ರ ನಡೀತದೇನ್ರಿ ಕಾಕಾರ? ಅರ್ಜಿ ನಾನೂ ಇವತ್ತ ರಜಿಸ್ಟರ್ ಪೋಸ್ಟಿಗೆ ಹಾಕಿ ಬಂದೀನಿ.

ಫಿಲ್ಟರ್‌ಹೌಸ್_ಕಾಕಾ · 8:32
ನಡೀತದಪ್ಪಾ, ಚಲೋ ನಡೀತದ. ಪೂರ್ತಿ ಆರಿದ ಮ್ಯಾಲೆ ಹಾಕ್ರಿ. ಕುದಿಸಿದ ನೀರಿನಾಗ ಕ್ಲೋರಿನ್ ಉಳಿದಿರೂದಿಲ್ಲ, ಅದಕ್ಕ ಮುಚ್ಚಿಡ್ರಿ, ಕೈ ಅದ್ದಿ ಚರಗಿ ತುಂಬಬ್ಯಾಡ್ರಿ, ಉದ್ದ ಹಿಡಿಕಿಯ ಸೌಟು ಇಡ್ರಿ. ಇವತ್ತಿನ ನೀರು ನಾಳೆ ಸಂಜಿತನಕ ಅಷ್ಟ. ಗಡಿಗಿ ದಿನಾ ತೊಳೀಲಿಕ್ಕೆ ಅವ್ವಾರಿಗೆ ತ್ರಾಸ ಆದ್ರ ನೀನ ತೊಳಿ.

ಎರಿಹೊಲ · 8:35
ತೊಳೀತೀನ್ರಿ ಕಾಕಾರ.